ಯಾರೂ ತೆರೆಯದ ಪತ್ರಗಳಿಗಾಗಿ ಹದಿನೆಂಟು ಸಾಲು

ಓದದೆಯೇ ಒಂದು ಪತ್ರವನ್ನು ಹರಿದೆಸೆಯುವ ಹಕ್ಕು ಯಾರಿಗಾದರೂ ಇದೆಯೆಂದು ನೀವು ಒಪ್ಪುತ್ತೀರಾ?

ನಮ್ಮ ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯದ ಸಹಾಯಕರ ಬಲಗೈ ತೋರುಬೆರಳು ಮೊದಲ ಗೆಣ್ಣಿನಲ್ಲೇ ಓರೆಯಾಗಿತ್ತು. ಬಾಲ್ಯದಲ್ಲಿ ಇಳಕಲ್ಲಿನ ಮಗ್ಗದ ಮನೆಯಲ್ಲಿ ಬಿದ್ದ ಪೆಟ್ಟು ಅದು. ಆ ಓರೆ ಬೆರಳೊಂದರಿಂದಲೇ ಅವರು ಕೀಲಿಗಳನ್ನು ಒತ್ತುತ್ತಿದ್ದರು. ಪ್ರತಿ ಸಾಲು ಮುಗಿದಾಗ ಗಟ್ಟಿಯಾಗಿ ಓದಿ, ತಲೆದೂಗಿ, ಮುಂದಿನದಕ್ಕೆ ಹೋಗುತ್ತಿದ್ದರು. ಕಾಲೇಜಿನ ಮೇಲ್ ಸರ್ವರ್ ನೋಡಿಕೊಳ್ಳುವುದೂ ಅವರ ಪಾಲಿಗಿತ್ತು. ಚರ್ಚಾಸ್ಪರ್ಧೆಯ ಪದಕಗಳಿಂದ ಬೀಗುತ್ತಿದ್ದ ನನ್ನನ್ನು ಕೆಣಕುತ್ತಿದ್ದರು: “ಭಾಷಣ ಭಾಳ ಛಲೋ ಮಾಡ್ತೀಯವಾ. ಒಂದು ಅರ್ಜಿ ಎಲ್ಲಿ ಸತ್ತೈತಿ ಅಂತ ಹುಡುಕಾಕ ಬರ್ತೈತೇನು?”

ಬಾಗಲಕೋಟೆಯ ಆ ಕಾಲೇಜಿನ ಕಚೇರಿಯಲ್ಲಿ ಮೇಲ್ ಬಂದರೆ ಬಂದಂತಲ್ಲ. ಅದನ್ನು ಮುದ್ರಿಸಿ, ಮೊಹರು ಹಾಕಿ, ಬಂದ ಪತ್ರಗಳ ಆವಕ ಪುಸ್ತಕದಲ್ಲಿ ಬರೆದ ಮೇಲೆಯೇ ಬಂದದ್ದು. ಮೇಲಧಿಕಾರಿಗಳ ಪತ್ರಗಳಿಗೆ ಮಾತ್ರ ಆ ಭಾಗ್ಯ. ಜಾಗ ತುಂಬುತ್ತದೆಂದು ಉಳಿದವನ್ನು ಪ್ರತಿ ಶನಿವಾರ ತೆರೆಯದೆಯೇ ಅಳಿಸುತ್ತಿದ್ದರು. ಇದನ್ನು ಆಡಳಿತವೆಂದು ಕರೆಯುವುದಾದರೆ ಅನ್ಯಾಯಕ್ಕೆ ಬೇರೆ ಹೆಸರು ಯಾಕೆ ಬೇಕು?

ಹುನಗುಂದದಿಂದ ಬರುತ್ತಿದ್ದ ನನ್ನ ಗೆಳತಿಗೆ ದೃಷ್ಟಿಯಿಲ್ಲ. ಪರೀಕ್ಷೆಯಲ್ಲಿ ತಾನು ಹೇಳಿದ್ದನ್ನು ಬರೆಯಲು ಒಬ್ಬರು ಬೇಕೆಂದು ಅವಳು ಮೂರು ಬಾರಿ ಮೇಲ್ ಕಳಿಸಿದಳು. ಪರೀಕ್ಷೆಯ ದಿನ ಯಾರೂ ಬರಲಿಲ್ಲ. ಅರ್ಜಿಯೇ ಬಂದಿಲ್ಲವೆಂದರು ಕಚೇರಿಯ ಅಧೀಕ್ಷಕರು. ಪಾಠವೆಲ್ಲ ಬಾಯಲ್ಲಿದ್ದ ಹುಡುಗಿ ಮೂರು ಗಂಟೆ ಕುಳಿತು ಬರಿಯ ಹಾಳೆ ಒಪ್ಪಿಸಿ ಬಂದಳು.

ಸಹಾಯಕರು ಸರ್ವರಿನ ದಾಖಲೆ ತೆರೆದು ತೋರಿಸಿದರು: ಮೂರೂ ಬಂದಿದ್ದವು, ಮೂರೂ ಶನಿವಾರ ಅಳಿಸಿಹೋಗಿದ್ದವು. ನಾನು ಕೂಗಾಡಿದೆ. ಅವರು ಕೂಗಲಿಲ್ಲ, ಕುಳಿತು ಕಂಪ್ಯೂಟರಿಗೆ ಆಜ್ಞೆ ಕೊಡುವ ಹದಿನೆಂಟು ಸಾಲಿನ ಒಂದು ಸ್ಕ್ರಿಪ್ಟ್ ಬರೆದರು, ಪ್ರಾಚಾರ್ಯರ ಒಪ್ಪಿಗೆ ಪಡೆದು ಸರ್ವರಿನಲ್ಲಿ ಓಡಿಸಿದರು. ಅಂದಿನಿಂದ ತೆರೆಯದ ಪತ್ರವನ್ನು ಯಾರೂ ಅಳಿಸುವಂತಿರಲಿಲ್ಲ. ಏಳು ದಿನ ಹಾಗೇ ಬಿದ್ದಿದ್ದವುಗಳ ಪಟ್ಟಿ ಬೆಳಿಗ್ಗೆ ಪ್ರಾಚಾರ್ಯರಿಗೆ ಹೋಗುತ್ತಿತ್ತು. ಬರೆದವರಿಗೂ ಒಂದು ಉತ್ತರ: ‘ನಿಮ್ಮ ಪತ್ರ ತಲುಪಿದೆ. ಇನ್ನೂ ಯಾರೂ ತೆರೆದಿಲ್ಲ.’

ಅಧೀಕ್ಷಕರು ಪ್ರಯೋಗಾಲಯಕ್ಕೇ ಬಂದರು. ಕಾಲೇಜಿನ ಮರ್ಯಾದೆ ಹೋಯಿತು, ಆ ಉತ್ತರವನ್ನು ತೆಗೆದುಹಾಕಬೇಕು ಎಂದರು. ಸಹಾಯಕರು ಎದ್ದು ನಿಂತು ಹೇಳಿದರು: “ಸುಳ್ಳಿದ್ರ ಹೇಳ್ರಿ ಸರ, ಈಗ ಅಳಸ್ತೇನಿ. ಖರೆ ಇದ್ರ ಪತ್ರ ಓದ್ರಿ. ಓದಿದ ಪತ್ರಕ್ಕ ಆ ಉತ್ತರ ಹೋಗೂದ ಇಲ್ಲ.”

ಮರುಪರೀಕ್ಷೆಗೆ ಗೆಳತಿ ಕಳಿಸಿದ ಅರ್ಜಿಯನ್ನೂ ಕಚೇರಿ ತೆರೆಯಲಿಲ್ಲ. ಆದರೆ ಈ ಸಲ ಅದು ಪಟ್ಟಿಯಲ್ಲಿ ಪ್ರಾಚಾರ್ಯರ ಕಣ್ಣಿಗೆ ಬಿತ್ತು. ಬರೆಯುವವರು ಬಂದರು, ಅವಳು ಉತ್ತೀರ್ಣಳಾದಳು. ಈಗ ಬಾದಾಮಿಯ ಶಾಲೆಯೊಂದರಲ್ಲಿ ಪಾಠ ಮಾಡುತ್ತಾಳೆ.

ಸಹಾಯಕರಿಗೆ ಸಿಕ್ಕಿದ್ದೇನು? ಹೊಸ ಪ್ರಾಚಾರ್ಯರು ಬಂದ ವಾರದಲ್ಲೇ ಅವರನ್ನು ಮುರಿದ ಕುರ್ಚಿಗಳ ಉಗ್ರಾಣಕ್ಕೆ ಹಾಕಿದರು, ಸ್ಕ್ರಿಪ್ಟನ್ನು ನಿಲ್ಲಿಸಿದರು. ನಾನೂ ಗೆಳತಿಯೂ ನೋಡಲು ಹೋದಾಗ ಅವರು ಕೇಳಿದ್ದು ಒಂದೇ: “ಶನಿವಾರ ಮತ್ತ ಅಳಸಾಕ ಹತ್ತ್ಯಾರೇನು?” ಕಚೇರಿಯವರು ಮತ್ತೆ ಅಳಿಸತೊಡಗಿದ್ದರು.

ಕಳೆದ ಬೇಸಿಗೆಯಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಸಂತಾಪಸಭೆಯಲ್ಲಿ ಅವರನ್ನು ಶಿಸ್ತಿನ ನೌಕರರೆಂದು ಹೊಗಳಿದರು. ಅವರು ಮಾಡಿದ ಕೆಲಸದ ಮಾತನ್ನು ಯಾರೂ ಎತ್ತಲಿಲ್ಲ. ವೇದಿಕೆಗಳಲ್ಲಿ ಗೆದ್ದ ನಾನೂ ಅಂದು ಎದ್ದು ನಿಲ್ಲಲಿಲ್ಲ. ಆ ಋಣಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಯಾವುದಾದರೂ ಕಚೇರಿಯ ಮೇಲ್ ನೋಡುವ ಕೆಲಸ ನಿಮ್ಮದಾಗಿದ್ದರೆ, ದಯವಿಟ್ಟು ನಾಳೆ ಬೆಳಿಗ್ಗೆ ಎಲ್ಲಕ್ಕಿಂತ ಹಳೆಯದಾದ, ಯಾರೂ ತೆರೆಯದ ಪತ್ರವನ್ನು ತೆರೆದು ಓದಿ. ಬರೆದವರಿಗೆ ಉತ್ತರ ಕೊಡಿ.