ಡಿಕ್ಕಿಯಲ್ಲಿ ಮಲಗುವ ಕಿವಿಯಣ್ಣ

ಬೀದಿದೀಪ ಇನ್ನೂ ಆರಿಲ್ಲ. ಸರ್ವಿಸ್ ಸೆಂಟರಿನ ಹಿಂದಿನ ಖಾಲಿ ರಸ್ತೆಯಲ್ಲಿ ಬಿಳಿ ಎಸ್‌ಯುವಿಯೊಂದು ಆಮೆ ನಡಿಗೆಯಲ್ಲಿ ಹೊರಟಿದೆ. ಅದರ ಡಿಕ್ಕಿಯಲ್ಲಿ ಐವತ್ತಾರು ವಯಸ್ಸಿನವರೊಬ್ಬರು ಮೊಣಕಾಲು ಮಡಚಿ, ಕಣ್ಣು ಮುಚ್ಚಿ, ಬಲಮಗ್ಗುಲಾಗಿ ಮಲಗಿದ್ದಾರೆ. ಗೊತ್ತಿಲ್ಲದವರು ಕಂಡರೆ ಪೊಲೀಸರಿಗೇ ಫೋನ್ ಮಾಡಿಯಾರು! ಓಡಿಸುತ್ತಿರುವುದು ಕಾರಿನ ಒಡತಿ, ಹೆರಿಗೆ ವಾರ್ಡಿನ ನರ್ಸ್. ಬೆಳಗಿನ ಪಾಳಿಗೆ ಮುಂಚೆ ಯೂನಿಫಾರ್ಮಿನಲ್ಲೇ ಬಂದಿದ್ದಾರೆ.

"ಬಂತು, ಬಂತು! ಕೇಳಿಸ್ತಾ ಅಣ್ಣ?" ಎಂದು ಮುಂದಿನ ಸೀಟಿನಿಂದ ಕೂಗುತ್ತಾರೆ.

"ಇನ್ನೊಂದ್ಸಲ ಉಬ್ಬು ಹತ್ತಿಸಿ ಸಿಸ್ಟರ್" ಎನ್ನುತ್ತಾರೆ ಡಿಕ್ಕಿಯಲ್ಲಿದ್ದವರು.

ಮಲಗಿದವರ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇದೆ, ಉಳಿದವರಿಗೆಲ್ಲ ಅವರು ಕಿವಿಯಣ್ಣ. ಕಾರಿನೊಳಗೆ ಯಜಮಾನರಿಗೆ ಕೇಳಿಸುವ, ಬೇರೆ ಯಾರಿಗೂ ಕೇಳಿಸದ ಸದ್ದನ್ನು ಹುಡುಕಿಕೊಡುವುದು ಇಪ್ಪತ್ಮೂರು ವರ್ಷದಿಂದ ಅವರ ಕೆಲಸ. ದಿನಕ್ಕೆ ಮೂರೋ ನಾಲ್ಕೋ ಕಾರು, ಒಂದೊಂದಕ್ಕೂ ಹನ್ನೆರಡು ಸಲ ರಸ್ತೆ ಉಬ್ಬು. ಕೊನೆಗೆ ಜಾಬ್ ಕಾರ್ಡಿನಲ್ಲಿ ಒಂದು ಸಾಲು: ಶಬ್ದ ಇದೆ, ಇಂಥ ಕಡೆ. ಅಥವಾ, ಶಬ್ದ ಇಲ್ಲ. ಕೆಳಗೆ ಸಹಿ. ಆ ಸಹಿ ಬಿದ್ದರೆ ಮುಗಿಯಿತು, ಮ್ಯಾನೇಜರ್ ಕೂಡ ಮರುಮಾತಾಡುವುದಿಲ್ಲ.

"ಈ ಮೀಡಿಯಂ ಸೈಜಿನ ಎಸ್‌ಯುವಿಗಳು ಬಂದ್ಮೇಲೆ ಕೈತುಂಬ ಕೆಲಸ" ಎನ್ನುತ್ತಾರೆ. "ಹಳೇ ಕಾರಲ್ಲಿ ಡಿಕ್ಕಿ ಬೇರೆ, ಕೂರೋ ಜಾಗ ಬೇರೆ. ಇದ್ರಲ್ಲಿ ಎಲ್ಲಾ ಒಂದೇ ಹಜಾರ. ಹಿಂದೆ ಸೂಜಿ ಬಿದ್ರೂ ಮುಂದಿನವ್ರ ಕಿವೀಲಿ. ಮೊದಲ ತಿಂಗಳು ಹಾಡು ಹಾಕ್ಕೊಂಡು ಮೆರೀತಾರೆ. ಆರು ತಿಂಗಳಾಗ್ಲಿ, ಮುಖ ಊದಿಸ್ಕೊಂಡು ಬರ್ತಾರೆ ನೋಡಿ."

ಯಜಮಾನರ ಮಾತನ್ನು ಅವರು ಎಂದೂ ಪೂರ್ತಿ ನಂಬಿದವರಲ್ಲ. "ಟಾರ್ ರೋಡ್ ಬಿಟ್ಟು ಇಳಿಸಿಲ್ಲ" ಎಂದು ಆಣೆ ಹಾಕಿದವರ ಕಾರಿನಡಿ ಅರ್ಧ ಬುಟ್ಟಿ ಕೆಸರು ಉದುರಿದ್ದನ್ನು ಕಂಡಿದ್ದಾರೆ. "ಒಳಗೆ ಏನೂ ಇಟ್ಟಿಲ್ಲ" ಎಂದ ವಕೀಲರ ಸೀಟಿನಡಿ ಅವರ ಮೊಮ್ಮಗಳ ಗಿಲಕಿ ಸಿಕ್ಕಿತ್ತು. ಸರ್ವಿಸ್ ಸೆಂಟರಿನವರ ಮೇಲೂ ಅಷ್ಟೇ ಗುಮಾನಿ. ಪರೀಕ್ಷೆಗೆ ಮೊದಲೇ ಕಾರು ಖಾಲಿ ಮಾಡಿ ತೊಳೆಯುವ ಚಾಳಿ ಅವರದು. "ಸಾಮಾನು ಇಳಿಸಿದ್ರೆ ಸದ್ದೂ ಇಳ್ಕೊಂಡು ಹೋಗುತ್ತೆ. ಛತ್ರಿ, ಚಪ್ಪಲಿ, ನೀರಿನ ಕ್ಯಾನು, ಏನಿದ್ಯೋ ಹಾಗೇ ಇರ್ಲಿ ಅಂತೀನಿ" ಎಂದು ಗೊಣಗುತ್ತಾರೆ.

ಇಂಥ ಮನುಷ್ಯರಿಗೆ ನಾಲ್ಕು ತಿಂಗಳಿಂದ ಹೊಸ ಅನುಮಾನವೊಂದು ಹುಟ್ಟಿಕೊಂಡಿದೆ. ಅದು ಅವರ ಎಡಗಿವಿಯ ಮೇಲೆ.

ದಿನವೂ ಎದ್ದ ಕೂಡಲೇ ಅಪ್ಪನ ಕಾಲದ ಕೀಲಿ ಗಡಿಯಾರವನ್ನು ಬಲಗಿವಿಗೆ ಹಿಡಿಯುತ್ತಾರೆ. ಟಿಕ್ ಟಿಕ್. ಎಡಗಿವಿಗೆ ಹಿಡಿದರೆ ಗಡಿಯಾರ ನಿಂತೇಹೋದಂತೆ. ಹೆಂಡತಿಯ ಎದುರು ಇದನ್ನು ಬಾಯಿಬಿಟ್ಟಿಲ್ಲ. ಆಕೆಯದೇ ಬೇರೆ ಕುಶಾಲು: "ಡಿಕ್ಕೀಲಿ ಸೂಜಿ ಸದ್ದು ಕೇಳುತ್ತಂತೆ, ಮನೇಲಿ ನಾನು ಅರಚಿದ್ರೂ ಕೇಳಲ್ಲ!" ಆಕೆ ಇತ್ತೀಚೆಗೆ ಊಟಕ್ಕೆ ಅವರ ಬಲಗಡೆಯೇ ಕೂರುತ್ತಾರೆ. ಯಾಕೆ ಎಂದರೆ ಫ್ಯಾನಿನ ಗಾಳಿ ಅಂತೆ. ಅದರ ಮೇಲೂ ಅವರಿಗೆ ಅನುಮಾನವೇ.

ಕಿವಿ ಹೋದ ಕಿವಿಯಣ್ಣನನ್ನು ಯಾರು ಇಟ್ಟುಕೊಳ್ಳುತ್ತಾರೆ? ಆ ಹೆದರಿಕೆಯಲ್ಲೇ ಬಾಯಿಗೆ ಬೀಗ ಹಾಕಿಕೊಂಡು ಸಹಿ ಮಾಡುತ್ತ ಬಂದಿದ್ದಾರೆ. ನರ್ಸ್ ಬಂದಿರುವುದು ಇದು ನಾಲ್ಕನೇ ಸಲ. ಹಿಂದಿನ ಮೂರು ಕಾರ್ಡಿನಲ್ಲೂ 'ಶಬ್ದ ಇಲ್ಲ' ಎಂದು ಬರೆದದ್ದು ಇವರೇ.

"ಮನೇಲಿ ನಮ್ಮೆಜಮಾನ್ರು ಆ ಕಾರ್ಡ್‌ಗಳನ್ನ ಫ್ರಿಜ್ ಮೇಲೆ ಅಂಟಿಸಿದಾರೆ" ಎನ್ನುತ್ತಾರೆ ನರ್ಸ್, ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು. "ಸದ್ದು ಕಾರಲ್ಲಲ್ಲ, ನಿನ್ನ ತಲೇಲಿದೆ ಅಂತಾರೆ. ಈಗ ನಲ್ಲಿ ಸೋರ್ತಿದೆ ಅಂದ್ರೂ ಅದೂ ನಿನ್ನ ಭ್ರಮೆ ಅಂತಾರೆ. ನಂಗೇ ನನ್ಮೇಲೆ ನಂಬಿಕೆ ಹೋಗ್ತಿದೆ ಅಣ್ಣ."

ಡಿಕ್ಕಿಯಲ್ಲಿ ಕಿವಿಯಣ್ಣ ಕಣ್ಣು ತೆರೆಯುತ್ತಾರೆ. ಏಣಿಯಿಂದ ಬಿದ್ದು ಎಡಭುಜಕ್ಕೆ ಏಟಾದಾಗಿನಿಂದ ಅವರು ಆ ಮಗ್ಗುಲಿಗೆ ಮಲಗಿದವರೇ ಅಲ್ಲ. ಮಲಗಿದಾಗೆಲ್ಲ ಕೇಳುವ ಬಲಗಿವಿ ಮ್ಯಾಟಿಗೆ ಒತ್ತಿರುತ್ತದೆ, ಕೇಳದ ಎಡಗಿವಿ ಮೇಲೆ. ಈಗ ಹಲ್ಲು ಕಚ್ಚಿ ಹೊರಳುತ್ತಾರೆ. ಭುಜ ಚುರ್ರೆನ್ನುತ್ತದೆ. ಕಾರು ಉಬ್ಬು ಹತ್ತಿ ಇಳಿಯುತ್ತದೆ.

ಕಿಣ್.

ತೆಳ್ಳಗೆ, ಆದರೆ ಸ್ಪಷ್ಟವಾಗಿ. ಸದ್ದು ಇದೆ, ಮೂರು ಸಲವೂ ಇತ್ತು! ಎಲ್ಲಿಂದ ಎಂದು ಮಾತ್ರ ತಿಳಿಯುತ್ತಿಲ್ಲ. ದಿಕ್ಕು ಹಿಡಿಯಲು ಎರಡೂ ಕಿವಿ ಬೇಕು.

"ಸಿಸ್ಟರ್, ಸ್ವಲ್ಪ ನಿಲ್ಲಿಸಿ" ಎನ್ನುತ್ತಾರೆ. ಕೆಳಗಿಳಿದು, ಧೂಳು ಕೊಡವದೆ, ನೆಲ ನೋಡುತ್ತ ಹೇಳಿಬಿಡುತ್ತಾರೆ: "ಸದ್ದು ಇದೆ. ನಂಗೆ ಎಡಗಿವಿ ಕೇಳಲ್ಲ. ಅದು ಗೊತ್ತಿದ್ದೂ ಸದ್ದಿಲ್ಲ ಅಂತ ಬರೆದೆ."

ನರ್ಸ್ ಮುಖ ಕೆಂಪಾಗುತ್ತದೆ. "ಮೂರು ಸಲ ಸಹಿ ಹಾಕಿದ್ರಲ್ಲಾ! ಒಂದು ಸಲ ಆದ್ರೂ ತಪ್ಪು ಅನ್ನಿಸ್ಲಿಲ್ವಾ?"

"ಅನ್ನಿಸ್ತು ಸಿಸ್ಟರ್. ಹೆದರಿಕೆ ಅದಕ್ಕಿಂತ ಜಾಸ್ತಿ ಇತ್ತು."

ಆಕೆ ಕಾರಿನ ಕೀಲಿಯನ್ನು ಅವರ ಕೈಗಿಟ್ಟು, ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲೇ ಡಿಕ್ಕಿ ಹತ್ತಿ ಮಲಗಿಬಿಡುತ್ತಾರೆ. "ಹೊಟ್ಟೇಲಿರೋ ಮಗು ಎದೆಬಡಿತ ಹುಡುಕೋ ಕಿವಿ ಇದು. ಓಡಿಸಿ."

ಮೂರನೇ ಉಬ್ಬಿಗೆ ಆಕೆಯ ಬೆರಳು ಹಿಂಬಾಗಿಲಿನ ಎಡಮೂಲೆ ತೋರಿಸುತ್ತದೆ. ಕಿವಿಯಣ್ಣ ಪ್ಯಾನೆಲ್ ಬಿಚ್ಚುತ್ತಾರೆ. ಜೋಡಿಸುವಾಗ ಯಾರೋ ಒಳಗೆ ಬೀಳಿಸಿ ಮರೆತ ನಟ್ಟು, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಅದನ್ನು ಆಕೆಯ ಅಂಗೈಗೆ ಹಾಕುತ್ತಾರೆ.

"ಇದನ್ನೇ ಫ್ರಿಜ್ ಮೇಲೆ ಅಂಟಿಸ್ತೀನಿ" ಎಂದು ಆಕೆ ನಗುತ್ತಾರೆ, ಕಣ್ಣು ಒರೆಸಿಕೊಳ್ಳುತ್ತ.

ಕಾರ್ಡಿನಲ್ಲಿ ಕಿವಿಯಣ್ಣ ಬರೆದದ್ದನ್ನು ಸೂಪರ್‌ವೈಸರ್ ಎರಡು ಸಲ ಓದುತ್ತಾರೆ: 'ಶಬ್ದ ಇದೆ. ಕಂಡುಹಿಡಿದವರು ಕಾರಿನ ಮಾಲೀಕರು. ನನ್ನ ಎಡಗಿವಿ ಕೇಳುವುದಿಲ್ಲ.'

"ಏನ್ ಕಿವಿಯಣ್ಣ, ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಾ? ಇದನ್ನ ಮೇಲಿನವ್ರಿಗೆ ಹೇಗ್ರೀ ಕಳಿಸ್ಲಿ?"

"ಹಾಗೇ ಕಳಿಸಿ ಸರ್."

ಮೇಲಿನವರಿಂದ ಇನ್ನೂ ಉತ್ತರ ಬಂದಿಲ್ಲ. ಸಂಜೆ ಮನೆಯಲ್ಲಿ ಹೆಂಡತಿಗೆ ವಿಷಯ ಹೇಳಿದರೆ ಆಕೆ ಚಪಾತಿ ಲಟ್ಟಿಸುವುದನ್ನೂ ನಿಲ್ಲಿಸಲಿಲ್ಲವಂತೆ. "ಅಯ್ಯೋ, ನಂಗೆ ಯಾವಾಗ್ಲೋ ಗೊತ್ತಿತ್ತು ಕಣ್ರೀ. ಇಲ್ದಿದ್ರೆ ಬಲಗಡೆ ಯಾಕೆ ಕೂರ್ತಿದ್ದೆ? ಆ ಫ್ಯಾನು ತಿರುಗೋದು ನಿಂತು ಒಂದು ವರ್ಷ ಆಯ್ತು" ಎಂದರಂತೆ.

ಕೆಲಸ ಉಳಿಯುತ್ತದೋ ಇಲ್ಲವೋ, ಕಿವಿಯಣ್ಣನಿಗೆ ಈಗ ಒಂದೇ ಆಸೆ. ಈ ನಾಲ್ಕು ತಿಂಗಳಲ್ಲಿ 'ಶಬ್ದ ಇಲ್ಲ' ಎಂದು ಸಹಿ ಹಾಕಿದ ಕಾರ್ಡುಗಳ ನಕಲುಗಳನ್ನು ಆಫೀಸಿನ ಕಪಾಟಿನಿಂದ ಹುಡುಕಿ ತೆಗೆದಿದ್ದಾರೆ. ಒಟ್ಟು ಮೂವತ್ತೊಂದು. ಫೋನನ್ನು ಬಲಗಿವಿಗೆ ಒತ್ತಿಕೊಂಡು ಮೊದಲನೆಯ ನಂಬರ್ ಒತ್ತುತ್ತಾರೆ.

"ನಮಸ್ಕಾರ ಸರ್. ನಿಮ್ಮ ಕಾರಲ್ಲಿ ಸದ್ದಿಲ್ಲ ಅಂತ ಬರೆದವ್ನು ನಾನು. ಇನ್ನೊಂದ್ಸಲ ಬನ್ನಿ. ಈ ಸಲ ಡಿಕ್ಕೀಲಿ ನೀವು ಮಲಗಿ, ನಾನು ಓಡಿಸ್ತೀನಿ."