ಕೆಮ್ಮು ತೆಗೆದ ಕೂಗು

ಯಳಂದೂರಿನ ನಮ್ಮ ಮನೆಯ ಕಿಟಕಿಯಲ್ಲಿ, ಕುಂಚಗಳ ಡಬ್ಬಿಯ ಪಕ್ಕ, ಒಂದು ಸಣ್ಣ ಕೆಂಪು ಲೌಡ್‌ಸ್ಪೀಕರ್ ಕುಳಿತಿದೆ. ಟೊಮೆಟೊ ಮಾರುವವರು ಗಾಡಿಗೆ ಕಟ್ಟಿಕೊಂಡು, ಒಮ್ಮೆ ಕೂಗಿದ್ದನ್ನೇ ದಿನವಿಡೀ ಕೂಗಿಸುತ್ತಾರಲ್ಲ, ಅದೇ ಜಾತಿಯದು. ಅದು ಬಂದಾಗಿನಿಂದ ಚಿತ್ರ ಬರೆಯಲು ಕೂತರೆ ಮನಸ್ಸು ನಿಲ್ಲುತ್ತಿಲ್ಲ. ನಿಮಗಾದರೂ ಹೇಳಿಕೊಳ್ಳುತ್ತೇನೆ.

ನನ್ನ ತಂಗಿಯ ಮಗಳು ಚಂದ್ರಿಕಾ ಕಲಾವಿದೆಯಾದರೂ ಅವಳ ಬಟ್ಟೆಯ ಮೇಲೆ ಬಣ್ಣದ ಒಂದು ಕಲೆಯೂ ಇಲ್ಲ. ಮೈಕು, ಲ್ಯಾಪ್‌ಟಾಪು, ವೈರುಗಳ ಗಂಟು, ಇಷ್ಟೇ ಅವಳ ಸಾಮಗ್ರಿ. ಕಾಡಂಚಿನ ಲೊಕ್ಕನಹಳ್ಳಿಯ ಸಿದ್ದಮ್ಮ ರಾಗಿ ಹೊಲದಿಂದ ಕಾಡುಹಂದಿ ಓಡಿಸಲು ತಟ್ಟೆ ಬಡಿದು, ಕೂಗಿ ಕೂಗಿ ಗಂಟಲು ಕೆಡಿಸಿಕೊಂಡು, ಇನ್ನೂ ಕೂಗಿದರೆ ದನಿಯೇ ಹೋದೀತೆಂದು ಡಾಕ್ಟರು ಹೆದರಿಸಿದ ಮೇಲೆ, ತನ್ನ ಕೂಗನ್ನು ಇಂಥದೇ ಸ್ಪೀಕರಿಗೆ ತುಂಬಿ ಹೊಲದಲ್ಲಿ ನಿಲ್ಲಿಸಿದ್ದಾಳೆಂದು ಕೇಳಿ ಚಂದ್ರಿಕಾ ಅಲ್ಲಿಗೆ ಓಡಿದಳು. ಆ ಕೂಗನ್ನು ತಂದು, ಕೆಮ್ಮು, ತಟ್ಟೆಯ ಬಡಿತ, ಬೈಗುಳ ಎಲ್ಲವನ್ನೂ ಸೋಸಿ, ಸಿದ್ದಮ್ಮ ದನ ಕರೆಯುವ ‘ಬಾ, ಗೌರಿ, ಬಾ’ ಎಂಬ ದನಿಯನ್ನು ಕೊನೆಗೆ ಸೇರಿಸಿ, ಕತ್ತಲ ಕೋಣೆಯಲ್ಲಿ ಕೇಳಿಸುವ ಕಲಾಕೃತಿ ಮಾಡಿದಳು. ಮೈಸೂರಿನಲ್ಲಿ ಜನ ಕಣ್ಣು ಮುಚ್ಚಿ ಕೇಳಿದರು. ನನಗೆ ಹೊಟ್ಟೆಕಿಚ್ಚಾಯಿತು.

ಅಷ್ಟರಲ್ಲಿ ಹಂದಿಗಳು ಹಳೆಯ ಕೂಗಿಗೆ ಒಗ್ಗಿಹೋಗಿದ್ದವು. ಹೊಸದು ಬೇಕೆಂದು ಸಿದ್ದಮ್ಮ ಕೇಳಿದಾಗ ಚಂದ್ರಿಕಾ ಸೋಸಿದ್ದನ್ನೇ ತುಂಬಿಕೊಟ್ಟಳು. ಮೊದಲ ಸಂಜೆಯೇ, ಮೇದು ಮರಳುತ್ತಿದ್ದ ಸಿದ್ದಮ್ಮನ ದನಗಳು ಒಡತಿ ಕರೆದಳೆಂದು ಬೇಲಿ ನುಗ್ಗಿ, ಸ್ಪೀಕರಿನ ಸುತ್ತ ನಿಂತು, ಅರ್ಧ ಹೊಲವನ್ನು ಮೇದುಬಿಟ್ಟವು.

ಸುದ್ದಿ ಕೇಳಿ ನಾವಿಬ್ಬರೂ ಹೋದೆವು. “ಅಂದಿ ತಿಂದಿದ್ರೆ ಬೈಬೋದಿತ್ತು ಕಣವ್ವ,” ಎಂದಳು ಸಿದ್ದಮ್ಮ. “ಇದು ನಾನೇ ಕರ್ದು ಉಣ್ಣುಸ್ದಂಗಾಯ್ತು.”

ಚಂದ್ರಿಕಾ ಅತ್ತಳು. ಆಮೇಲೆ ಮೈಕು ಹಿಡಿದು, ಉಳಿದ ರಾಗಿಗಾದರೂ ಮೊದಲಿನಂತೆ ಒಂದೇ ಒಂದು ಸಲ ಕೂಗಿಕೊಡಿ ಎಂದು ಬೇಡಿದಳು.

“ಸಿಟ್ಟು ಬರ್ದೆ ಎಂಗವ್ವ ಕೂಗ್ಲಿ?”

ಹಾಗೆಂದವಳು ದನ ತುಳಿದ ಪೈರನ್ನೊಮ್ಮೆ, ಚಂದ್ರಿಕಾಳನ್ನೊಮ್ಮೆ ನೋಡಿ, ತಟ್ಟೆ ಎತ್ತಿ ಬಡಿದಳು. “ಲೇ, ನನ್ ಗಂಟ್ಲ ತಕಂಡೋಗಿ ಸಿಂಗಾರ ಮಾಡ್ದೋಳೆ, ಓಗ್ಲೇ ಆಚೆಗೆ.” ಬೈಗುಳದ ನಡುವೆ ಕೆಮ್ಮು, ಕೆಮ್ಮಿನ ನಡುವೆ ಬೈಗುಳ. ಚಂದ್ರಿಕಾ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಅದರಲ್ಲಿ ಏನನ್ನೂ ಕತ್ತರಿಸದೆ ಹೊಸ ಸ್ಪೀಕರಿಗೆ ತುಂಬಿಕೊಟ್ಟಳು. ಉಳಿದ ರಾಗಿ ಮನೆ ಸೇರಿತು. ಮೈಸೂರಿನ ಕೋಣೆಯಲ್ಲೂ ಈಗ ಅದೇ ಕೂಗು. ಯಾರೂ ಕಣ್ಣು ಮುಚ್ಚುವುದಿಲ್ಲವಂತೆ.

ಯಂತ್ರಕ್ಕೆ ಜೀವವಿಲ್ಲವೆಂದು ಅವಳೊಡನೆ ಎಷ್ಟು ವಾದಿಸಿದ್ದೆ. ಯಂತ್ರವೇನೋ ಕೆಮ್ಮನ್ನೂ ಇಟ್ಟುಕೊಂಡಿತ್ತು. ತೆಗೆದುಹಾಕಿದ್ದು ನಮ್ಮ ರುಚಿ. ಚಿಕ್ಕಂದಿನಲ್ಲಿ ಚಿತ್ರ ಹೇಳಿಕೊಡುತ್ತಾ ಆ ರುಚಿಯನ್ನು ಅವಳಿಗೆ ಕಲಿಸಿದವನು ನಾನೇ ಇರಬೇಕು ಎನಿಸಿದಾಗಿನಿಂದ ಈ ಕಳವಳ.

ಇಂಪಾದ ಕೂಗಿನ ಹಳೆಯ ಸ್ಪೀಕರು ನನ್ನ ಪಾಲಿಗೆ ಬಂತು. ನಿನ್ನೆ ಗುಂಡಿ ಒತ್ತಿದೆ: ‘ಬಾ, ಗೌರಿ, ಬಾ.’ ಎದುರಿಗೆ ಅರ್ಧ ಬರೆದ ಚಿತ್ರ, ಬಿಳಿಗಿರಿಯ ತಪ್ಪಲು, ಸೊಂಪಾದ ಹುಲ್ಲು. ಇಂಥ ಹುಲ್ಲನ್ನು ಜೀವಮಾನವಿಡೀ ಬರೆದಿದ್ದೇನೆ, ಎಲ್ಲರೂ ಚೆನ್ನಾಗಿದೆ ಅಂದಿದ್ದಾರೆ. ಒಂದು ಹಸುವೂ ಅದಕ್ಕೆ ಬಾಯಿ ಹಾಕಿಲ್ಲ, ಒಬ್ಬರೂ ನನ್ನನ್ನು ಬೈದಿಲ್ಲ.