ನಮ್ಮಣ್ಣ ಕೊಂಡ ಎರಡು ಸೀಟಿನ ಗಾಡಿ

ಯಾರ ಮನೆಗೆ ಹೋದರೂ ನೀರು ಕುಡಿದ ಲೋಟವನ್ನು ಉಗುರಿನಿಂದ ಟಣ್ ಎನ್ನಿಸಿ ನೋಡುವ ಚಟ ನಮ್ಮಣ್ಣ ಶಿವಲಿಂಗಪ್ಪನಿಗಿತ್ತು. ಸಪ್ಪಳ ಕೇಳಿದ ಮೇಲೆ ಮನೆಯವರ ಮುಖ ನೋಡಿ, "ಇದನ್ನ ಈಗ ಮಾರಿದ್ರ ಏನ್ ಬಂದೀತು?" ಎನ್ನುತ್ತಿದ್ದ. ಯಾರಾದರೂ ಹೊಸ ಸೋಫಾ ತೋರಿಸಿದರೆ ಅದರ ಮೇಲೆ ಕೂತು, ತಾನು ಕೂತದ್ದಕ್ಕೇ ಅದರ ಬೆಲೆ ಎಷ್ಟು ಇಳಿಯಿತೆಂದು ಹೇಳುತ್ತಿದ್ದ. ನನ್ನ ಮದುವೆಯಲ್ಲಿ ನಾನು ಹೊಸ ಸೂಟು ಹಾಕಿಕೊಂಡು ನಿಂತಿದ್ದೆ. ಅಕ್ಕಿಕಾಳು ಹಾಕಲು ಬಂದವನು ಕಿವಿಯಲ್ಲಿ ಹೇಳಿದ್ದು ಆಶೀರ್ವಾದವಲ್ಲ. "ನಾಳಿಗೆ ಇದರ ಬೆಲಿ ಅರ್ಧ. ಅರಿಷಿಣ ಹತ್ತಸ್ಕೋಬ್ಯಾಡ."

ಇಂಥ ಜಾಣ ಮುಂದೊಂದು ದಿನ ಹಳದಿ ಬಣ್ಣದ, ಎರಡೇ ಸೀಟಿನ ಜರ್ಮನ್ ಸ್ಪೋರ್ಟ್ಸ್ ಕಾರು ಕೊಂಡ.

ಮೂಡಲಗಿಯಲ್ಲಿ ಅವನದು ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಏಳನೇ ಇಯತ್ತೆಗೆ ಸಾಲೆ ಬಿಟ್ಟ ನಾನು ಅಲ್ಲಿಯೇ ನಟ್ಟು ಬೋಲ್ಟು ತೂಗಿಕೊಂಡಿದ್ದೆ. ಕೊಲ್ಲಾಪುರದ ಸಗಟು ವ್ಯಾಪಾರಿ ವಿಲಾಸರಾವ್ ಅಣ್ಣನಿಗೆ ಇಪ್ಪತ್ತು ವರ್ಷದ ದೋಸ್ತ. ಅವರು ತಮ್ಮ ಗಾಡಿಯನ್ನು ಹೊಸದರ ಮೂರರಲ್ಲೊಂದು ಬೆಲೆಗೆ ಕೊಡುತ್ತೇನೆಂದಾಗ ಅಣ್ಣನ ಕಣ್ಣು ಅರಳಿದವು.

"ಬೀಳೂವಷ್ಟು ಬೆಲಿ ವಿಲಾಸನ ಮನ್ಯಾಗ ಬಿದ್ದು ಮುಗದೈತಿ," ಎಂದ. "ನೆಲಾ ಮುಟ್ಟಿದ್ದು ಮತ್ತ ಎಲ್ಲಿ ಬೀಳ್ತೈತಿ? ಎರಡು ವರ್ಷ ಹೊಡದು ಅದ ರೇಟಿಗೆ ಮಾರ್ತೇನಿ ನೋಡು."

ನೆಲದ ಕೆಳಗೂ ಜಾಗ ಇರುತ್ತದೆಂದು ಅವನಿಗೆ ಗೋಕಾಕದ ಏಜೆಂಟನ ಮುಂದೆ ಕೂತಾಗ ತಿಳಿಯಿತು. ಮಹಾರಾಷ್ಟ್ರದ ಗಾಡಿಗೆ ನಮ್ಮ ರಾಜ್ಯದ ನಂಬರು ಬೇಕಾದರೆ ಇಲ್ಲಿಯ ಆಜೀವ ತೆರಿಗೆ ಕಟ್ಟಬೇಕು. ಅಣ್ಣ ಕೊಟ್ಟ ಬೆಲೆ ಎಷ್ಟೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಹೊಸದಿದ್ದಾಗಿನ ಬೆಲೆ ಹಿಡಿದು, ವಯಸ್ಸಿನ ಲೆಕ್ಕದಲ್ಲಿ ಅಷ್ಟಿಷ್ಟು ಕಳೆದು ತೆರಿಗೆ ಹಾಕುತ್ತಾರೆ.

"ನಾ ಅಷ್ಟು ರೊಕ್ಕ ಕೊಟ್ಟೇ ಇಲ್ರೀ," ಎಂದ ಅಣ್ಣ.

"ನೀವ್ ಎಷ್ಟರ ಕೊಡ್ರಿ ಸಾವಕಾರ್ರ," ಎಂದ ಏಜೆಂಟ. "ಕಾಗದದಾಗ ಅದು ಹುಟ್ಟಿದಾಗಿನ ಬೆಲಿ ಇರ್ತೈತಿ."

ಅಣ್ಣ ಕಟ್ಟಿದ. ಆ ತಿಂಗಳೇ ವಿಮೆಯವರು ಅದೇ ಗಾಡಿಯ ಬೆಲೆ ಇಳಿಸಿ ಕಾಗದ ಕಳಿಸಿದರು. ಅವತ್ತಿನಿಂದ ಅಂಗಡಿಗೆ ಬಂದ ರೈತರಿಗೆಲ್ಲ ಅಣ್ಣನ ಉಪದೇಶ ಒಂದೇ: "ಕಚೇರಿಯವರಿಗೆ ನನ್ನ ಗಾಡಿ ಇನ್ನಾ ತೊಟ್ಟಿಲದಾಗ ಐತಿ. ಮಾರ್ಕೆಟ್ಟಿನವರಿಗೆ ಮಸಣದ ದಾರಿ ಹಿಡದೈತಿ. ನಡುವ ನಾ ಒಬ್ಬನ ಅದನ್ನ ಹೊಡಿಯಾಂವ."

ಹೊಡೆಯುತ್ತಿದ್ದ ಎನ್ನುವುದೂ ದೊಡ್ಡ ಮಾತೇ. ಕಿಲೋಮೀಟರ್ ಏರಿದರೆ ಬೆಲೆ ಇಳಿಯುತ್ತದೆಂದು ರವಿವಾರ ಮುಂಜಾನೆ ಊರ ಹೊರಗಿನ ಪೆಟ್ರೋಲ್ ಪಂಪಿನವರೆಗೆ ಹೋಗಿ ತಿರುಗಿ ಬರುತ್ತಿದ್ದ. ಬಂದ ಮೇಲೆ ಮೀಟರ್ ನೋಡಿ ಡೈರಿಯಲ್ಲಿ ಬರೆದಿಡುತ್ತಿದ್ದ. ಒಂದು ಅಮಾವಾಸ್ಯೆಗೆ ನೀಲಾ ವೈನಿ, ಅಂದರೆ ಅಣ್ಣನ ಹೆಂಡತಿ, ನಿಡಸೋಸಿ ಮಠಕ್ಕೆ ಆ ಗಾಡಿಯಲ್ಲಿಯೇ ಹೋಗಬೇಕೆಂದರು. ಅಣ್ಣ ಒಪ್ಪಿದ. ರೇಷ್ಮೆ ಸೀರೆ ಉಟ್ಟು ಕೂತ ವೈನಿಯನ್ನು ಮೂಡಲಗಿ ಬಸ್ ಸ್ಟ್ಯಾಂಡಿನವರೆಗೆ ಮೆರೆಸಿಕೊಂಡು ಹೋಗಿ, ಗೋಕಾಕದ ಬಸ್ಸಿನ ಮುಂದೆ ಇಳಿಸಿದ.

"ಇಲ್ಲೀತನಕ ಬಂದ್ಯಲ್ಲ, ಸಾಕು. ಮುಂದ ಬಸ್ ಛಲೋ," ಎಂದ.

ವೈನಿ ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ಇದನ್ನೂ ಬಸ್ಸಿನ ಮ್ಯಾಲ ಕಟ್ಟಿಸಿ ಕಳಸ್ರಿ. ಗಾಡಿಗೂ ದೇವರ ದರ್ಶನ ಆಕ್ಕೈತಿ, ನಿಮ್ಮ ಮೀಟರೂ ಏರೂದಿಲ್ಲ," ಎಂದರು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಣ್ಣ. ಅವನಲ್ಲಿ ಅದೊಂದು ಗುಣವಿತ್ತು, ತನ್ನ ಮೇಲಿನ ನಗೆಯನ್ನು ಅವನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಎರಡು ವರ್ಷಕ್ಕೆ ಸರಿಯಾಗಿ ಅಂಗಡಿ ಬಾಡಿಗೆಗಿದ್ದ ಜಾಗವನ್ನು ಅದರ ಮಾಲೀಕರು ಮಾರಲು ತೆಗೆದರು. ದೀಪಾವಳಿಯೊಳಗೆ ದುಡ್ಡು ತಂದರೆ ನಿನಗೇ, ಇಲ್ಲದಿದ್ದರೆ ಬೇರೆಯವರಿಗೆ ಎಂದರು. ಅದೇ ಹೊತ್ತಿಗೆ ಹುಕ್ಕೇರಿಯ ಹಲ್ಲಿನ ಡಾಕ್ಟರೊಬ್ಬರು ಗಾಡಿ ಕೇಳಿದರು. ಅಣ್ಣ ಕೊಂಡಿದ್ದ ಬೆಲೆಗೇ ಮಾತು ಮುಗಿಯಿತು. ಅಂಗಡಿ ಉಳಿಯಿತು ಎಂದುಕೊಂಡೆವು. ಜಗತ್ತಿನಲ್ಲಿ ಅಣ್ಣನ ಲೆಕ್ಕ ಒಮ್ಮೆಯಾದರೂ ಸರಿಯಾಗುವುದರಲ್ಲಿತ್ತು. ಆಗ ನಾನು ಕೈ ಹಾಕಿದೆ.

ಡಾಕ್ಟರು ಬರುವ ಮುನ್ನಾ ದಿನ ಅಣ್ಣ ಕಾಗದಪತ್ರಕ್ಕೆಂದು ಗೋಕಾಕಕ್ಕೆ ಹೋಗಿದ್ದ. ಗಾಡಿ ಹೋದ ಮೇಲೆ ನನ್ನ ಹೆಂಡತಿಯ ತವರಿನವರು ಅದನ್ನು ನೋಡುವುದೆಂದು? ನಾನು ಕೀಲಿ ತೆಗೆದುಕೊಂಡು ಕುಲಗೋಡಕ್ಕೆ ಹೋದೆ. ಮಾವನ ಮನೆಯ ಮುಂದೆ ನಾಲ್ಕು ಮಂದಿ ನೋಡಲಿ ಎಂಬುದಷ್ಟೇ ಆಸೆ. ನೋಡಿದ್ದು ನಲವತ್ತು ಮಂದಿ. ಗಾಡಿ ತಿರುಗಿಸುವಾಗ ಹಿಂದಿನ ಗಾಲಿ ಕಬ್ಬಿನ ಹೊಲದ ನೀರುಂಡ ಮಣ್ಣಿಗೆ ಇಳಿದು, ಹೊಟ್ಟೆ ನೆಲಕ್ಕೆ ಅಂಟಿತು.

ನನ್ನ ಹೆಂಡತಿಯ ತಮ್ಮ ಬಾಳಪ್ಪ ಟ್ರ್ಯಾಕ್ಟರ್ ತಂದ. "ಮಾವಾ, ಲೋಡ್ ತುಂಬಿದ ಕಬ್ಬಿನ ಟ್ರ್ಯಾಲಿ ಎಳದ ಚೈನ್ ಇದು. ನಿನ್ನ ಬೆಕ್ಕಿನ ಮರಿ ಯಾವ ಲೆಕ್ಕ?"

ಅಂಥ ಗಾಡಿ ಎಳೆಯಲು ಬೇರೆ ಕೊಂಡಿ ಇರುತ್ತದೆ, ಅದನ್ನು ಡಿಕ್ಕಿಯಿಂದ ತೆಗೆದು ತಿರುವಿ ಕೂಡಿಸಬೇಕು ಎಂದು ನಮಗೇನು ಗೊತ್ತು. ಕೈಗೆ ಸಿಕ್ಕ ಕಬ್ಬಿಣಕ್ಕೆ ಚೈನ್ ಬಿಗಿದೆವು. ಅಡಿಯಲ್ಲಿ ಕಡಕ್ ಎಂದಿತು. ಗಾಡಿ ಮೇಲೆ ಬಂತು, ಮಂದಿ ಚಪ್ಪಾಳೆ ತಟ್ಟಿದರು. ತೊಳೆದು ಒರೆಸಿ ತಂದು ನಿಲ್ಲಿಸಿದೆ.

ಸಂಜೆ ಅಣ್ಣ ಮೀಟರ್ ನೋಡಿದ. "ಇದೇನೋ ಈರ್ಯಾ?"

"ಬ್ಯಾಟರಿ ಇಳದಿತ್ತು ಅಣ್ಣಾ. ಚಾರ್ಜ್ ಆಗ್ಲಿ ಅಂತ ಹೈವೇ ಮ್ಯಾಲ ಒಂದ್ ರೌಂಡ್ ಹೊಡದೆ."

"ಛಲೋ ಮಾಡ್ದಿ," ಎಂದು ಡೈರಿಯಲ್ಲಿ ಬರೆದುಕೊಂಡ. ಸೋಫಾ, ಸೂಟು, ಲೋಟ ಎಲ್ಲದರ ಬೆಲೆ ಇಳಿಸಿ ನೋಡುವವನು ತಮ್ಮನ ಮಾತಿನ ಬೆಲೆ ಮಾತ್ರ ಇಳಿಸಲಿಲ್ಲ.

ಮರುದಿನ ಡಾಕ್ಟರ ಮೆಕ್ಯಾನಿಕ್ ಗಾಡಿಯನ್ನು ಎತ್ತಿ ಅಡಿಗೆ ಟಾರ್ಚು ಬಿಟ್ಟು ನೋಡಿದ. ಹಿಂದಿನ ಗಾಲಿ ಹಿಡಿಯುವ ತೋಳು ಬಾಗಿದೆ, ಅದು ಕೂಡುವ ಜಾಗ ಬಿರಿದಿದೆ, ಇದು ಅಪಘಾತದ ಗಾಡಿ ಎಂದ. ಡಾಕ್ಟರು ನಯವಾಗಿ ಅಣ್ಣನ ಕೈ ಕುಲುಕಿ ಹೋದರು. ಆಮೇಲೆ ಬಂದವರು ಅರ್ಧ ಬೆಲೆ ಹೇಳಿದರು.

ಅಣ್ಣ ನನ್ನನ್ನು ಕೇಳಲಿಲ್ಲ. ಅವನು ವಿಲಾಸರಾವ್ ಅವರಿಗೆ ಫೋನು ಹಚ್ಚಿದ.

"ಆಕ್ಸಿಡೆಂಟ್ ಆದ ಗಾಡಿ ಕೊಟ್ಟು ದೋಸ್ತಿ ಅಂದ್ಯಲ್ಲೋ ವಿಲಾಸ. ಇನ್ನ ಮ್ಯಾಲ ನನ್ನ ಅಂಗಡಿ ಮೆಟ್ಟಲಾ ಹತ್ತಬ್ಯಾಡ."

ಆಚೆಯಿಂದ ಅವರು ಬಹಳ ಹೊತ್ತು ಏನೋ ಹೇಳುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಕಾಲು ಕಿಲೋ ಬೋಲ್ಟುಗಳನ್ನು ಬಹಳ ನಿಷ್ಠೆಯಿಂದ ತೂಗುತ್ತಿದ್ದೆ. ಒಂದೂ ಹೆಚ್ಚುಕಡಿಮೆ ಆಗಲಿಲ್ಲ.

ಗಾಡಿ ಅರ್ಧ ಬೆಲೆಗೆ ಹೋಯಿತು, ಅಂಗಡಿಯ ಜಾಗ ಬೇರೆಯವರಿಗೆ ಹೋಯಿತು. ಐವತ್ತು ದಾಟಿದ ಅಣ್ಣ ಗೋಕಾಕದಲ್ಲಿ ಇನ್ನೊಬ್ಬರ ಅಂಗಡಿಯಲ್ಲಿ ಪಗಾರಕ್ಕೆ ನಿಂತ. ಮುಂದೆ ಹಾಸಿಗೆ ಹಿಡಿದಾಗ ನಾನು ದಿನಾ ಹೋಗಿ ಕಾಲು ಒತ್ತುತ್ತಿದ್ದೆ. ಎಂಥ ತಮ್ಮ ಎಂದು ಓಣಿಯವರು ಹೊಗಳುತ್ತಿದ್ದರು. ಕೊನೆಯ ಸಲ ಹೋದಾಗ ಅಣ್ಣ ಗೋಡೆಯ ಕಡೆ ಮುಖ ಮಾಡಿ ಹೇಳಿದ, "ರೊಕ್ಕ ಹೋಗ್ಲಿ ಈರ್ಯಾ. ವಿಲಾಸ ಹಂತಾವ ಅಲ್ಲ ಅಂತ ಒಳಗ ಅನಸ್ತೈತಿ. ಆದ್ರ ಮತ್ಯಾರು ಅಂತ ತಿಳೀವಲ್ದು."

ನಾನು ಇನ್ನಷ್ಟು ಒತ್ತಿ ಕಾಲು ತಿಕ್ಕಿದೆ.

ಅಣ್ಣ ಹೋದ ಒಂಬತ್ತನೆಯ ದಿನ ವಿಲಾಸರಾವ್ ಕೊಲ್ಲಾಪುರದಿಂದ ಬಂದರು. ಫೋಟೋಕ್ಕೆ ಹಾರ ಹಾಕಿ, ಕೂಡ್ರದೆ, ನನ್ನ ಮುಂದೆ ಬಂದು ನಿಂತರು. "ಈರಪ್ಪಾ, ಖರೆ ಹೇಳ್ತೇನಿ. ನನ್ನ ಮನಿ ಬಿಡೂವಾಗ ಗಾಡಿ ಹಂಗ ಇರಲಿಲ್ಲ. ಅವರಂತೂ ನಂಬಲಿಲ್ಲ. ನೀವರ ನಂಬ್ರಿ."

"ನಂಬ್ತೇನ್ರಿ," ಎಂದೆ, ದೊಡ್ಡ ಮನಸ್ಸು ಮಾಡಿದವನ ಹಾಗೆ. ಅವರು ಕೈ ಮುಗಿದು ಹೋದರು.

ಅವರು ಹೋದ ಮೇಲೆ, ಅದೇಕೋ, ವೈನಿಗೆ ಎಲ್ಲ ಹೇಳಿಬಿಟ್ಟೆ. ಕುಲಗೋಡ, ಚೈನು, ಕಡಕ್ ಎಂದದ್ದು. ವೈನಿ ಅಳಲಿಲ್ಲ. "ನನಗ ಹೇಳಿ ಏನ್ ಉಪಯೋಗ? ಅವರು ಕೂಟಿನ ಹೋಟೆಲ್‌ದಾಗ ಚಹಾ ಕುಡೀತಿರ್ತಾರ. ಹೋಗಿ ಹೇಳು," ಎಂದರು.

ಓಡಿದೆ. ವಿಲಾಸರಾವ್ ದಾರಿಗಳು ಕೂಡುವ ಆ ಕೂಟಿನಲ್ಲಿ ನಿಂತೇ ಚಹಾ ಕುಡಿಯುತ್ತಿದ್ದರು. ನನ್ನನ್ನು ಕಂಡು ಅವರ ಕಣ್ಣು ತುಂಬಿದವು. "ಕಳಸಾಕ ಇಲ್ಲೀತನಕ ಬಂದ್ರ್ಯಾ? ಇಂಥಾ ದುಃಖದಾಗೂ?" ಎಂದು ನನಗೂ ಒಂದು ಚಹಾ ಹೇಳಿದರು. ಹೇಳಲೆಂದು ತೆರೆದ ಬಾಯಿಂದ ಅದನ್ನೇ ಕುಡಿದೆ. ದುಡ್ಡನ್ನೂ ಅವರೇ ಕೊಟ್ಟರು.

ತಿರುಗಿ ಬಂದಾಗ ವೈನಿ ಬಾಗಿಲಲ್ಲೇ ನಿಂತಿದ್ದರು.

"ಸಿಕ್ಕ್ರು?"

"ಸಿಕ್ಕ್ರು."

"ಏನಂದ್ರು?"

"ಭಾಳ ಛಲೋ ಮಂದಿ ನೀವು, ಅಂದ್ರು."

ವೈನಿ ನನ್ನನ್ನು ಒಂದು ಗಳಿಗೆ ನೋಡಿ, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.